ಅರ್ಧ ಪಿಯಾಲಾ ಚಹಾ

ಸಮರ್ಕಂದದ ಆ ಮನೆಯಲ್ಲಿ ಅವ್ವನ ಮುಂದೆ ಇಟ್ಟ ಪಿಯಾಲಾದಲ್ಲಿ ಚಹಾ ಎರಡು ಗುಟುಕಿನಷ್ಟೇ ಇತ್ತು. ಅವ್ವ ಪಿಯಾಲಾ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಮ್ಮ ಬೀದರಿನಲ್ಲಿ ಮನೆಗೆ ಬಂದವರಿಗೆ ಚಹಾ ಕೊಡುವುದು ಅಂದರೆ ಕಪ್ಪು ತುಂಬಿ ಬಸಿಗೆ ಚೆಲ್ಲಬೇಕು. ಕಪ್ಪು ಅರ್ಧ ಇದ್ದರೆ ಕೊಡುವ ಮನಸ್ಸೂ ಅರ್ಧ ಅಂತಲೇ ಲೆಕ್ಕ.

"ನಾವು ಬಂದದ್ದು ಇವರಿಗಿ ಭಾರ ಆಗ್ಯಾದೇನು?" ಅಂತ ಅವ್ವ ಮೆಲ್ಲಗೆ ಕೇಳಿದಳು.

ಅದು ಪೂರ್ತಿ ಉಲ್ಟಾ. ಉಜ್ಬೇಕಿಸ್ತಾನದಲ್ಲಿ ಪಿಯಾಲಾಕ್ಕೆ ಚಹಾ ಎಷ್ಟು ಕಡಿಮೆ ಹಾಕಿದರೆ ಅಷ್ಟು ಗೌರವ. ಕಡಿಮೆ ಇದ್ದರೆ ಬೇಗ ಮುಗಿಯುತ್ತೆ, ಮತ್ತೆ ಹಾಕಬೇಕಾಗುತ್ತೆ. ಮನೆಯವರ ಕೈ ನಿಮ್ಮ ಕಡೆಗೆ ಮತ್ತೆ ಮತ್ತೆ ಬರುತ್ತೆ. ಚಹಾ ಆರುವುದೂ ಇಲ್ಲ. ಪಿಯಾಲಾ ತುಂಬಿಸಿ ಕೊಟ್ಟರೆ "ಇದನ್ನ ಕುಡಿದು ಹೊರಡಿ" ಅಂತ ಸೂಚನೆ. ಹೊರಡುವ ಮೊದಲೇ ನಾನು ಇದನ್ನು ಓದಿಕೊಂಡಿದ್ದೆ. ಅವ್ವನಿಗೆ ಹೇಳಲು ಮರೆತಿದ್ದೆ. ಆ ಒಂದು ನಿಮಿಷ ಅವಳ ಮುಖ ಸಣ್ಣಗಾಗಿದ್ದು ನೆನೆದರೆ ಈಗಲೂ ನನಗೆ ಸಂಕಟ ಆಗುತ್ತೆ.

ಕಿವಿಯಲ್ಲಿ ಹೇಳಿದೆ. ಅವ್ವ ಪಿಯಾಲಾ ಎತ್ತಿ ಕುಡಿದಳು, ಮತ್ತೆ ಮುಂದೆ ಚಾಚಿದಳು. ಆ ಮನೆಯ ಸೊಸೆ ನಕ್ಕು ಇನ್ನೆರಡು ಗುಟುಕು ಹಾಕಿದಳು. ಆ ಮಧ್ಯಾಹ್ನ ಅವ್ವ ಎಷ್ಟು ಸಲ ಪಿಯಾಲಾ ಚಾಚಿದಳೋ ಲೆಕ್ಕ ಇಟ್ಟವರಿಲ್ಲ.

ಕಳೆದ ಅಕ್ಟೋಬರಿನಲ್ಲಿ ನಾನು, ಅವ್ವ ಇಬ್ಬರೇ ಒಂಬತ್ತು ದಿನ ಉಜ್ಬೇಕಿಸ್ತಾನಕ್ಕೆ ಹೋಗಿ ಬಂದೆವು. ಬಂದಾಗಿನಿಂದ ಬೀದರ್, ಕಲಬುರಗಿಯ ಪರಿಚಯದವರು ಫೋನ್ ಮಾಡುತ್ತಲೇ ಇದ್ದಾರೆ. ವೀಸಾ ಹೇಗೆ, ಊಟ ಹೇಗೆ, ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ? ಅದಕ್ಕೇ ಬರೆಯಲು ಕೂತೆ. ವೀಸಾದ ವಿಷಯ ನಾಲ್ಕು ಸಾಲಿನಲ್ಲಿ ಮುಗಿಯುತ್ತೆ. ಚಹಾ, ರೊಟ್ಟಿ, ಹೊಸ್ತಿಲು, ಇವುಗಳ ವಿಷಯ ಅಷ್ಟು ಬೇಗ ಮುಗಿಯುವುದಿಲ್ಲ.

ಅಲ್ಲಿಗೇ ಯಾಕೆ ಹೋದಿರಿ ಅಂತ ಎಲ್ಲರೂ ಕೇಳುತ್ತಾರೆ. ಅವ್ವನ ತವರುಮನೆ ಹಳೇ ಬೀದರಿನಲ್ಲಿ. ಚೌಬಾರದಿಂದ ಕೋಟೆ ಕಡೆಗೆ ಹೋಗುವ ದಾರಿಯಲ್ಲಿ ಮಹಮೂದ್ ಗಾವಾನನ ಮದರಸಾ ಇದೆಯಲ್ಲ, ಅದರ ಹತ್ತಿರದ ಓಣಿ. ಇರಾನಿನ ಗೀಲಾನಿನಿಂದ ಬಂದು ಬಹಮನಿಗಳ ವಜೀರನಾದ ಗಾವಾನ್ ಅದನ್ನು 1472ರಲ್ಲಿ ಕಟ್ಟಿಸಿದ. 1481ರಲ್ಲಿ ಸುಳ್ಳು ಆರೋಪಕ್ಕೆ ಸಿಕ್ಕು ತನ್ನ ಸುಲ್ತಾನನಿಂದಲೇ ಸತ್ತ. ಮುಂದೆ ಔರಂಗಜೇಬನ ಕಾಲದಲ್ಲಿ ಒಳಗೆ ಇಟ್ಟಿದ್ದ ಮದ್ದು ಸಿಡಿದು ಮುಂದಿನ ಭಾಗ ಉರುಳಿತು. ಎರಡು ಮಿನಾರುಗಳಲ್ಲಿ ಒಂದು ಉಳಿಯಿತು. ಅದರ ಮೈಮೇಲೆ ಅಲ್ಲಲ್ಲಿ ನೀಲಿ, ಹಸಿರು, ಬಿಳಿ ಹೆಂಚಿನ ತುಂಡುಗಳು ಇನ್ನೂ ಅಂಟಿಕೊಂಡಿವೆ. ಅವ್ವ ಹುಡುಗಿಯಾಗಿದ್ದಾಗ ದಿನವೂ ನೋಡಿದ ಬಣ್ಣ ಅವು.

ಒಂದು ದಿನ ಫೋನಿನಲ್ಲಿ ಅವಳಿಗೆ ಸಮರ್ಕಂದದ ರೇಗಿಸ್ತಾನ್ ಚೌಕದ ಫೋಟೋ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು. "ಇದು ನಮ್ಮ ಮದರಸಾನೇ ಅದ. ಮುರಿಯೋಕಿಂತ ಮೊದಲಿಂದು," ಅಂದಳು. ಟಿಕೆಟ್ ತೆಗೆಸಲು ನನಗೆ ಆ ಮಾತೇ ಸಾಕಾಯಿತು.

ಇನ್ನೊಂದು ಕಾರಣವೂ ಇತ್ತು. ತಾಷ್ಕೆಂಟ್ ಅನ್ನುವ ಹೆಸರು ಅವ್ವನಿಗೆ ಸಣ್ಣವಳಿದ್ದಾಗಿನಿಂದ ಗೊತ್ತು. 1966ರ ಜನವರಿ 11ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಲ್ಲಿ ತೀರಿಕೊಂಡಾಗ ಶಾಲೆಗೆ ಸೂಟಿ ಕೊಟ್ಟಿದ್ದರಂತೆ. ಮನೆಗೆ ಬಂದರೆ ಅವಳಪ್ಪ ರೇಡಿಯೋ ಮುಂದೆ ಕೂತು ಅಳುತ್ತಿದ್ದರಂತೆ.

ಮೊದಲು ಕಾಗದಪತ್ರದ ಕೆಲಸ ಹೇಳಿಬಿಡುತ್ತೇನೆ. ಭಾರತೀಯರಿಗೆ ಇ-ವೀಸಾ ಸಿಗುತ್ತೆ. ಅಲ್ಲಿನ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಒಂದು ಸಲದ ಪ್ರವೇಶಕ್ಕೆ ನಾವು 20 ಡಾಲರ್ ಕಟ್ಟಿದೆವು. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ತುಂಬಿ. ದೆಹಲಿಯಿಂದ ತಾಷ್ಕೆಂಟಿಗೆ ನೇರ ವಿಮಾನ ಇದೆ, ಸುಮಾರು ಮೂರು ಗಂಟೆ. ಬೀದರಿನವರಿಗೆ ಹೈದರಾಬಾದಿಗೆ ಹೋಗಿ ಅಲ್ಲಿಂದ ದೆಹಲಿ ಹಿಡಿಯುವುದು ಸುಲಭ. ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ವಿದೇಶದವರು ಎಲ್ಲಿ ಉಳಿದಿದ್ದಾರೆ ಅಂತ ಅಲ್ಲಿ ನೋಂದಣಿ ಆಗಬೇಕು. ಹೋಟೆಲಿನವರು ಅದನ್ನು ಮಾಡುತ್ತಾರೆ. ಅವರು ಕೊಡುವ ಚೀಟಿಯನ್ನು ವಾಪಸ್ ಬರುವ ತನಕ ಪಾಸ್‌ಪೋರ್ಟಿನ ಜೊತೆಯೇ ಇಡಿ. ಡ್ರೋನ್ ಒಯ್ಯಬೇಡಿ, ತರುವುದಕ್ಕೆ ಬಿಡುವುದಿಲ್ಲ.

ಔಷಧದ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಓದಿ. ವಯಸ್ಸಾದವರ ಜೊತೆ ಹೋಗುವವರು ಎಡವುವುದು ಇಲ್ಲೇ. ಅವ್ವನಿಗೆ ಮೊಣಕಾಲು ನೋವು. ಅವಳು ತೆಗೆದುಕೊಳ್ಳುತ್ತಿದ್ದ ಗುಳಿಗೆಯಲ್ಲಿ ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಇತ್ತು. ನಮ್ಮಲ್ಲಿ ಡಾಕ್ಟರು ಬರೆದುಕೊಟ್ಟರೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಗುಳಿಗೆ ಅದು. ಉಜ್ಬೇಕಿಸ್ತಾನದಲ್ಲಿ ಟ್ರಮಡಾಲ್, ಕೋಡೀನ್ ಇರುವ ಔಷಧ, ಕೆಲವು ನಿದ್ದೆ ಗುಳಿಗೆ, ಇವುಗಳ ಮೇಲೆ ಬಹಳ ಬಿಗಿ ಇದೆ. ಕೆಮ್ಮಿನ ಔಷಧದಲ್ಲೂ ಕೋಡೀನ್ ಇರಬಹುದು. ಹೊರಡುವ ಎರಡು ವಾರ ಮೊದಲೇ ಡಾಕ್ಟರ ಹತ್ತಿರ ಹೋಗಿ ಬೇರೆ ಗುಳಿಗೆ ಬರೆಸಿಕೊಂಡೆವು. ಚೀಟಿಯನ್ನೂ ಜೊತೆಗಿಟ್ಟುಕೊಂಡೆವು. ನಿಮ್ಮ ಔಷಧದ ಡಬ್ಬಿಯಲ್ಲಿರುವ ಒಂದೊಂದು ಹೆಸರನ್ನೂ ಓದಿ ನೋಡಿಯೇ ಹೊರಡಿ.

ದುಡ್ಡು ಅಂದರೆ ಅಲ್ಲಿ ಸೋಮ್. ನಾವು ಹೋದಾಗ ಒಂದು ಡಾಲರಿಗೆ 12 ಸಾವಿರ ಸೋಮ್ ಆಸುಪಾಸು. ನೋಟಿನಲ್ಲಿ ಸೊನ್ನೆ ನೋಡಿ ಗಾಬರಿಯಾಗುತ್ತೆ. 10 ಸಾವಿರ ಸೋಮ್ ಅಂದರೆ ನಮ್ಮ 70-75 ರೂಪಾಯಿ ಅಂತ ಅವ್ವ ಮನಸ್ಸಿನಲ್ಲಿ ಇಟ್ಟುಕೊಂಡಳು. ಅಲ್ಲಿಂದ ಮುಂದೆ ಎಲ್ಲ ಲೆಕ್ಕ ಅವಳದೇ. ಡಾಲರ್ ಒಯ್ಯುವುದಾದರೆ ಹೊಸ ನೋಟು ಒಯ್ಯಿರಿ. ಮಡಚಿದ್ದು, ಹರಿದದ್ದು ಆದರೆ ತಗೊಳ್ಳಲು ಹಿಂದೆಮುಂದೆ ನೋಡುತ್ತಾರೆ.

ಇನ್ನು ಮಾತು. ನನಗೆ ಇಂಗ್ಲಿಷ್ ಬರುತ್ತೆ, ಅವ್ವನಿಗೆ ಬರುವುದಿಲ್ಲ. ಅವಳನ್ನು ನಾನು ನಡೆಸಿಕೊಂಡು ಹೋಗಬೇಕು ಅಂದುಕೊಂಡೇ ವಿಮಾನ ಹತ್ತಿದ್ದೆ. ಅಲ್ಲಿ ಇಂಗ್ಲಿಷ್ ಬರುವವರು ಹೋಟೆಲಿನಲ್ಲಿ ಸಿಕ್ಕರು, ಬಜಾರಿನಲ್ಲಿ ಸಿಗಲಿಲ್ಲ. ಅವ್ವನಿಗೆ ಬರುವುದು ಕನ್ನಡ, ಮತ್ತೆ ಓಣಿಯ ಮುಸಲ್ಮಾನ ಗೆಳತಿಯರ ಜೊತೆ ಆಡಿ ಬೆಳೆದ ದಖನಿ. ಎರಡನೇ ದಿನ ತಾಷ್ಕೆಂಟಿನ ಚೊರ್ಸು ಬಜಾರಿನಲ್ಲಿ ಒಬ್ಬ ಮುದುಕ ದಾಳಿಂಬೆ ಹಿಡಿದು "ಅನೋರ್, ಅನೋರ್" ಅಂತ ಕೂಗುತ್ತಿದ್ದ. ಅವ್ವ ನಿಂತಳು. "ಅನಾರ್ ಅನ್ಲಿಕತ್ತಾನ, ಕೇಳು."

ಆಮೇಲೆ ಅವಳೇ ಸೂತ್ರ ಕಂಡುಹಿಡಿದಳು. ನಮ್ಮ 'ಆ' ಅಲ್ಲಿ 'ಓ' ಆಗುತ್ತೆ. ಬಜಾರ್ ಅಲ್ಲಿ ಬೋಜೋರ್. ನಾನ್ ಅಲ್ಲಿ ನೋನ್. ಮೆಹಮಾನ್ ಅಲ್ಲಿ ಮೆಹ್ಮೋನ್, ಕಿತಾಬ್ ಅಲ್ಲಿ ಕಿತೋಬ್, ದರವಾಜಾ ಅಲ್ಲಿ ದರ್ವೋಜಾ, ಪ್ಯಾಜ್ ಅಲ್ಲಿ ಪಿಯೋಜ್, ಚಾಯ್ ಅಲ್ಲಿ ಚೊಯ್. ದೋಸ್ತ್ ಹೇಗಿದ್ದರೂ ದೋಸ್ತೇ. ಉಜ್ಬೆಕ್ ತುರ್ಕಿ ಬಳಗದ ಭಾಷೆ, ವಾಕ್ಯ ಕಟ್ಟುವ ರೀತಿ ಬೇರೆ. ಆದರೆ ಫಾರಸಿ ಪದಗಳು ಅಲ್ಲಿಗೂ ಹೋಗಿವೆ, ನಮ್ಮ ಕಡೆಗೂ ಬಂದಿವೆ. ಬೀದರ್, ಕಲಬುರಗಿಯವರಿಗೆ ಇದು ಮನೆಯಿಂದಲೇ ಸಿಕ್ಕ ಅನುಕೂಲ. ಒಂದು ಕಡೆ ಮಾತ್ರ ಹುಷಾರು: ಅಲ್ಲಿ 'ಸಬ್ಜಿ' ಅಂದರೆ ಗಜ್ಜರಿ. "ಸಬ್ಜಿ ಕೊಡಿ" ಅಂದರೆ ಬರೀ ಗಜ್ಜರಿ ತೂಗಿ ಕೊಡುತ್ತಾರೆ. ನಮಗೆ ಒಂದು ಕಿಲೋ ಕೊಟ್ಟರು. ಸಿಹಿಯಾಗಿತ್ತು, ರೈಲಿನಲ್ಲಿ ತಿಂದೆವು.

ಮನೆಯಿಂದ ಕಲಿತು ಹೋಗಲೇಬೇಕಾದ ಮಾತು ಎರಡು. ನಮಸ್ಕಾರಕ್ಕೆ 'ಅಸ್ಸಲೋಮು ಅಲೈಕುಮ್', ಧನ್ಯವಾದಕ್ಕೆ 'ರಹ್ಮತ್'. ಎರಡನ್ನೂ ಬಲಗೈ ಎದೆಯ ಮೇಲಿಟ್ಟು, ತಲೆ ಸ್ವಲ್ಪ ಬಾಗಿಸಿ ಹೇಳಿ. ಗಂಡಸರು ಗಂಡಸರ ಕೈ ಕುಲುಕುತ್ತಾರೆ. ಹೆಣ್ಣುಮಕ್ಕಳ ಮುಂದೆ ಗಂಡಸರು ತಾವಾಗಿ ಕೈ ಚಾಚಬಾರದು. ಅವರು ಚಾಚಿದರೆ ಸರಿ, ಇಲ್ಲದಿದ್ದರೆ ಎದೆಯ ಮೇಲಿನ ಕೈಯೇ ಸಾಕು. ಅವ್ವ ಕೈ ಮುಗಿದಳು. ಅದನ್ನೂ ಎಲ್ಲರೂ ಅರ್ಥಮಾಡಿಕೊಂಡರು. "ಹಿಂದಿಸ್ತೋನ್?" ಅಂತ ಕೇಳಿ, ಹೌದು ಅಂದರೆ ಕೆಲವರು ರಾಜ್ ಕಪೂರ್ ಹೆಸರು ಹೇಳುತ್ತಿದ್ದರು, ಕೆಲವರು ಶಾರುಖ್ ಹೆಸರು.

ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳಿದವರಿಗೆ ತಾಷ್ಕೆಂಟಿನ ಮೆಟ್ರೋ ಬಗ್ಗೆ ಹೇಳಬೇಕು. ಅವ್ವ ಒಳಗೆ ಕಾಲಿಟ್ಟ ಕೂಡಲೇ ಮೂರು ಹುಡುಗರು ಒಟ್ಟಿಗೆ ಎದ್ದು ನಿಂತರು. ಒಂದು ದಿನ ಅಲ್ಲ, ಪ್ರತಿ ದಿನವೂ ಹೀಗೇ. ಯಾರೂ ಹೇಳಿಕೊಡಬೇಕಾಗಿಲ್ಲ, ಯಾರೂ ಫೋನಿನೊಳಗೆ ತಲೆ ಹುದುಗಿಸಿ ಕಾಣದವರ ಹಾಗೆ ಮಾಡುವುದಿಲ್ಲ. ಹಾಗಾಗಿ ನೀವು ಪ್ರಾಯದವರಾದರೆ, ಮೆಟ್ರೋದಲ್ಲಿ ಹಿರಿಯರು ಬಂದ ಕೂಡಲೇ ಏಳಿ. ಅಲ್ಲಿ ಕೂತೇ ಇರುವ ಪ್ರಾಯದವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಆ ನಿಲ್ದಾಣಗಳ ಚಂದ ಬೇರೆಯೇ ವಿಷಯ. 2018ರ ತನಕ ಅಲ್ಲಿ ಫೋಟೋ ತೆಗೆಯುವಂತಿರಲಿಲ್ಲ, ಈಗ ಬಿಡುತ್ತಾರೆ. ಪೊಲೀಸರ, ಸೈನಿಕರ ಫೋಟೋ ಮಾತ್ರ ಬೇಡ. ಮನುಷ್ಯರ ಫೋಟೋ ಕೇಳಿ ತೆಗೆಯಿರಿ. ಅವ್ವನ ಇಳಕಲ್ ಸೀರೆ, ಹಣೆಯ ವಿಭೂತಿ ನೋಡಿ ಬಹಳ ಜನ ಫೋಟೋ ಕೇಳಿದರು. ಎಲ್ಲರೂ ಮೊದಲು ಕೇಳಿದರು, ಆಮೇಲೆ ತೆಗೆದರು. ಅವ್ವ ಪ್ರತಿಯೊಬ್ಬರನ್ನೂ ಪಕ್ಕದಲ್ಲಿ ಕೂಡಿಸಿಕೊಂಡಳು.

ತಾಷ್ಕೆಂಟಿನಲ್ಲಿ ಶಾಸ್ತ್ರಿಯವರ ಪ್ರತಿಮೆ ಇದೆ, ಅವರ ಹೆಸರಿನ ರಸ್ತೆಯೂ ಇದೆ. ಅಲ್ಲಿಗೆ ಹೂವು ಒಯ್ಯಬೇಕು ಅಂತ ಅವ್ವನ ಹಟ. ಹೂವಿನ ಅಂಗಡಿಯ ಹೆಂಗಸಿಗೆ ಐದು ಗುಲಾಬಿ ಕೊಡಿ ಅಂತ ಬೆರಳು ತೋರಿಸಿದೆ. ಯಾರಿಗೆ ಅಂತ ಅವರು ಸನ್ನೆಯಲ್ಲಿ ಕೇಳಿದರು. ನಾನು "ಶಾಸ್ತ್ರಿ" ಅಂದೆ. ಅವರು ಸುಮ್ನೆ ಒಂದು ನಿಮಿಷ ನಿಂತು, ಒಂದು ಗುಲಾಬಿ ಸೇರಿಸಿ ಆರು ಮಾಡಿದರು. ಸತ್ತವರಿಗೆ ಸರಿಸಂಖ್ಯೆ, ಬದುಕಿದವರಿಗೆ ಬೆಸಸಂಖ್ಯೆ. ಯಾರ ಮನೆಗಾದರೂ ಹೂವು ಒಯ್ಯುವಾಗ ಮೂರೋ ಐದೋ ಏಳೋ ಒಯ್ಯಬೇಕು. ಅವ್ವನಿಗೆ ಇದು ಹೊಸದು ಅನಿಸಲೇ ಇಲ್ಲ. "ನಾವೂ ಮುಯ್ಯಿ ನೂರಾ ಒಂದು ಮಾಡ್ತೀವಲ್ಲ," ಅಂದಳು. ಆರು ಗುಲಾಬಿ ಇಟ್ಟು, ಸೆರಗು ಹೊದ್ದು, ತನ್ನಪ್ಪನ ಹೆಸರು ಹೇಳಿ ಕೈ ಮುಗಿದಳು.

ತಾಷ್ಕೆಂಟಿನಿಂದ ಸಮರ್ಕಂದಕ್ಕೆ ಸುಮಾರು 300 ಕಿಲೋಮೀಟರ್. ಅಫ್ರೋಸಿಯೋಬ್ ಅನ್ನುವ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಟಿಕೆಟ್ ಬೇಗ ಖಾಲಿಯಾಗುತ್ತೆ, ವಾರಗಳ ಮುಂಚೆ ತೆಗೆಸಿ. ಪಾಸ್‌ಪೋರ್ಟ್ ತೋರಿಸಿಯೇ ಒಳಗೆ ಬಿಡುತ್ತಾರೆ. ಈ ರೈಲಿನಲ್ಲೇ ನಮಗೆ ಆ ಮನೆಯವರು ಸಿಕ್ಕಿದ್ದು. ಎದುರಿಗೆ ಕೂತಿದ್ದವರು ಶಾಲೆಯ ಶಿಕ್ಷಕಿ, ನನಗಿಂತ ಸ್ವಲ್ಪ ದೊಡ್ಡವರು, ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಅಕ್ರೋಟು, ಒಣದ್ರಾಕ್ಷಿ ಬಿಚ್ಚಿ ನಮ್ಮ ಮುಂದೆ ಇಟ್ಟರು. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಅವರ ಮುಂದೆ ಇಟ್ಟಳು. ಇಳಿಯುವ ಹೊತ್ತಿಗೆ "ನಾಳೆ ನಮ್ಮ ಮನೆಗೆ ಬನ್ನಿ" ಅಂದರು. ನಾನು ಹಿಂಜರಿದೆ. ಅವ್ವ "ಬರ್ತೀವ್ರಿ" ಅಂದಳು.

ಊಟದ ವಿಷಯ ಇಲ್ಲೇ ಹೇಳಬೇಕು. ನಮ್ಮದು ಮಾಂಸ ತಿನ್ನದ ಮನೆ. ಟಿಕೆಟ್ ಮಾಡಿಕೊಟ್ಟವರು "ಎಲ್ಲ ಕಡೆ ವೆಜ್ ಸಿಗುತ್ತೆ, ಚಿಂತೆ ಬೇಡ" ಅಂದಿದ್ದರು. ಅದು ನಿಜ ಅಲ್ಲ. ಅಲ್ಲಿನ ಜನರ ಹೆಮ್ಮೆಯ ಊಟ ಪಲೋವ್. ಅಕ್ಕಿ, ಗಜ್ಜರಿ, ಮಾಂಸ ಒಂದೇ ಕಡಾಯಿಯಲ್ಲಿ ಬೇಯುತ್ತೆ. ಮೇಲಿನ ಮಾಂಸ ತೆಗೆದುಕೊಟ್ಟರೂ ಅಕ್ಕಿ ಬೆಂದಿದ್ದು ಅದರ ರಸದಲ್ಲೇ. ಕುಂಬಳಕಾಯಿ ಸಂಸಾ ಅಂತ ಕಾಣುವುದರಲ್ಲೂ ಕುರಿಯ ಬಾಲದ ಕೊಬ್ಬು ಇರಬಹುದು. ಕೇಳಿಯೇ ತಿನ್ನಿ. 'ಗೋಶ್ತ್ ಯೆಮೈಮನ್', ಅಂದರೆ ಮಾಂಸ ತಿನ್ನುವುದಿಲ್ಲ. ಗೋಶ್ತ್ ಅನ್ನುವ ಪದ ನಿಮಗೆ ಗೊತ್ತೇ ಇದೆ, ಅಲ್ವಾ. ನೋನ್, ಮೊಸರು, ಟೊಮೆಟೊ-ಈರುಳ್ಳಿಯ ಅಚ್ಚಿಚ್ಚುಕ್, ದ್ರಾಕ್ಷಿ, ಕರಬೂಜ, ಒಣಹಣ್ಣು ಧಾರಾಳ ಸಿಗುತ್ತೆ. ಸಮರ್ಕಂದದಲ್ಲಿ ಡಾಕ್ಟರಿಕೆ ಓದುವ ನಮ್ಮ ದೇಶದ ಮಕ್ಕಳು ಬಹಳ ಇದ್ದಾರೆ, ಅವರಿಂದಾಗಿ ಅನ್ನ-ದಾಲ್ ಸಿಗುವ ಜಾಗಗಳೂ ಇವೆ. ಒಂದು ಡಬ್ಬಿ ಖಡಕ್ ರೊಟ್ಟಿ ಒಯ್ದರೆ ಯಾವ ಹೊತ್ತೂ ಉಪವಾಸ ಬೀಳುವುದಿಲ್ಲ.

ಆದರೆ ಮುಖ್ಯ ಮಾತು ಬೇರೆ ಇದೆ. ಯಾರಾದರೂ ಮನೆಗೆ ಕರೆದರೆ, ಕರೆದಾಗಲೇ ಹೇಳಿಬಿಡಿ. ಊಟಕ್ಕೆ ಕೂತ ಮೇಲೆ ಹೇಳಬೇಡಿ. ಅವರು ಬೆಳಿಗ್ಗೆಯಿಂದ ಒಲೆ ಮುಂದೆ ನಿಂತು ಮಾಡಿದ್ದನ್ನು ನೀವು ಮುಟ್ಟದೇ ಇದ್ದರೆ ಆ ಮನೆಗೆ ಆಗುವ ಕಷ್ಟ ನೋಡಲಾಗುವುದಿಲ್ಲ. ನಾನು ರೈಲಿನಲ್ಲೇ ಹೇಳಿದ್ದೆ. ಮರುದಿನ ಅವರು ಎಣ್ಣೆಯಲ್ಲೇ ಮಾಡಿದ ಕುಂಬಳಕಾಯಿ ಮಂತಿ ಇಟ್ಟರು. ಹಬೆಯಲ್ಲಿ ಬೇಯಿಸಿದ ದೊಡ್ಡ ಕಡುಬು ಅನ್ನಿ. ನಮಗೆ ಅಂತಲೇ ಬೇರೆ ಪಾತ್ರೆ ತೊಳೆದು ಮಾಡಿದೆವು ಅಂತ ಹೇಳಿದಾಗ ಅವ್ವನ ಕಣ್ಣು ತುಂಬಿತು.

ಆ ಮನೆಗೆ ಹೋಗುವ ಹಿಂದಿನ ಸಂಜೆ ರೊಟ್ಟಿಯ ವಿಷಯದಲ್ಲಿ ನನ್ನಿಂದ ಒಂದು ತಪ್ಪಾಯಿತು. ಸಿಯೋಬ್ ಬಜಾರಿನಲ್ಲಿ ಸಮರ್ಕಂದದ ಪ್ರಸಿದ್ಧ ನೋನ್ ತಂದಿದ್ದೆ. ದಪ್ಪ, ಭಾರ, ಮೇಲೆ ಮಿರಮಿರ ಹೊಳಪು, ನಡುವೆ ಮುದ್ರೆ ಒತ್ತಿದ್ದು. ನಾವು ಉಳಿದ ಗೆಸ್ಟ್ ಹೌಸಿನ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹಾಗೇ ಬೋರಲು ಇಟ್ಟು ಚಾಕು ಹುಡುಕಿದೆ. ಮನೆಯೊಡತಿ ಬಂದು, ಏನೂ ಹೇಳದೆ, ಎರಡೂ ಕೈಯಿಂದ ನೋನ್ ಎತ್ತಿ ಮುಖ ಮೇಲೆ ಮಾಡಿ ಇಟ್ಟರು. ಚಾಕುವನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು. ಅಲ್ಲಿ ನೋನನ್ನು ಕೈಯಿಂದ ಮುರಿಯಬೇಕು, ಕೊಯ್ಯಬಾರದು. ಬೋರಲು ಇಡಬಾರದು, ನೆಲದ ಮೇಲೆ ಇಡಬಾರದು, ಎಸೆಯಂತೂ ಎಸೆಯಬಾರದು. ನನ್ನ ಮುಖ ಕೆಂಪಾಯಿತು.

ಅಷ್ಟರಲ್ಲಿ ಅವ್ವ ಮೇಜಿನ ಮೇಲೆ ಉದುರಿದ್ದ ಚೂರುಗಳನ್ನು ಬೆರಳಿನಿಂದ ಒಟ್ಟುಮಾಡಿ, ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಜೋಳದ ರೊಟ್ಟಿಯ ಚೂರಿಗೂ ಅವಳು ಮಾಡುವುದು ಇದನ್ನೇ. ಮನೆಯೊಡತಿ ಅವಳನ್ನೇ ನೋಡಿದರು. "ನೋನ್ ಹಮ್ ನೋನ್, ಉಶೋಗಿ ಹಮ್ ನೋನ್," ಅಂದರು. ರೊಟ್ಟಿಯೂ ರೊಟ್ಟಿ, ಅದರ ಚೂರೂ ರೊಟ್ಟಿ. ಅಲ್ಲಿನ ಗಾದೆ ಅದು. ಅವರ ಮಗ ಅರ್ಥ ಹೇಳುವ ಮೊದಲೇ ಅವ್ವ "ಹೌದ್ರಿ" ಅಂದುಬಿಟ್ಟಿದ್ದಳು.

ಮರುದಿನ ಶಿಕ್ಷಕಿಯ ಮನೆ. ಹೊಸ್ತಿಲ ಹೊರಗೆ ಚಪ್ಪಲಿ ಬಿಡಬೇಕು, ನಮ್ಮ ಹಾಗೇ. ಹೊಸ್ತಿಲ ಮೇಲೆ ನಿಂತು ಕೈ ಕುಲುಕಬಾರದು, ಒಳಗೆ ಬಂದೇ ಮಾತಾಡಬೇಕು. ಸಣ್ಣ ಹುಡುಗ ತಂಬಿಗೆಯಿಂದ ಕೈಮೇಲೆ ನೀರು ಹಾಕಿದ. ಕೈ ಝಾಡಿಸದೆ, ಕೊಟ್ಟ ಟವೆಲ್ಲಿನಲ್ಲಿ ಒರೆಸಿಕೊಂಡೆವು. ಅವ್ವ ರೂಢಿಯಂತೆ ಬಾಗಿಲ ಹತ್ತಿರವೇ ಕೂತಳು. ಮನೆಯವರಿಗೆ ಗಾಬರಿಯಾಯಿತು. ಅಲ್ಲಿ ಬಾಗಿಲಿನಿಂದ ಅತಿ ದೂರದ ಜಾಗ ಗೌರವದ್ದು, ಹಿರಿಯರಿಗೆ ಮತ್ತೆ ಅತಿಥಿಗಳಿಗೆ. ಬಾಗಿಲ ಹತ್ತಿರ ಕೂರುವವರು ಮನೆಯ ಕಿರಿಯರು. "ಇಲ್ಲೇ ಬೇಸಿ ಅದ" ಅಂತ ಅವ್ವ ಅಂದಳು, ಅವರು ಕೇಳಲಿಲ್ಲ, ಕೈ ಹಿಡಿದು ಎಬ್ಬಿಸಿ ಒಳಗಿನ ಮೂಲೆಯಲ್ಲಿ ದಿಂಬು ಇಟ್ಟು ಕೂಡಿಸಿದರು. ಮೊಣಕಾಲು ನೋವು ಅಂತ ಗೊತ್ತಾಗಿ ಇನ್ನೆರಡು ದಿಂಬು ತಂದರು. ಇಂಥ ಕಡೆ ಒಂದು ಸಲ ಬೇಡ ಅನ್ನಿ, ಎರಡನೇ ಸಲಕ್ಕೆ ಎದ್ದು ಹೋಗಿ ಕೂತುಬಿಡಿ. ಜಾಸ್ತಿ ಸಂಕೋಚ ಮಾಡಿದರೆ ಅವರಿಗೇ ಕಷ್ಟ.

ನಡುವೆ ಹಾಸಿದ ಬಟ್ಟೆ ದಸ್ತುರ್ಖೋನ್. ದಸ್ತರಖಾನ್ ಗೊತ್ತಲ್ಲ, ಅದೇ. ಅದನ್ನು ದಾಟಬಾರದು, ಅದರ ಕಡೆ ಕಾಲು ಚಾಚಬಾರದು. ಮನೆಯ ಅಜ್ಜಿ ನೋನ್ ಮುರಿದು ಎಲ್ಲರ ಮುಂದೆ ಇಟ್ಟರು, ಆಮೇಲೆ ಊಟ ಶುರು. ಚಹಾದ ಮಗೆಯಿಂದ ಮೊದಲು ಪಿಯಾಲಾಕ್ಕೆ ಹಾಕಿ, ಅದನ್ನೇ ಮತ್ತೆ ಮಗೆಗೆ ಸುರಿದರು. ಹೀಗೆ ಮೂರು ಸಲ. ಚಹಾ ಹದವಾಗಿ ಬಿಡುವುದಕ್ಕೆ. ಆಮೇಲೆ ಬಂದಿದ್ದೇ ಆ ಎರಡು ಗುಟುಕು.

ತಟ್ಟೆ ಖಾಲಿಯಾದರೆ ಸಾಕು, "ಒಲಿಂಗ್, ಒಲಿಂಗ್" ಅಂತ ಮತ್ತೆ ಹಾಕುತ್ತಿದ್ದರು. ತಗೋರಿ, ತಗೋರಿ. ನಮ್ಮ ಮನೆಯ ಮದುವೆಯಲ್ಲಿ ಹುಗ್ಗಿ ಬಡಿಸುವವರ ದನಿಯೇ ಅದು. ಸಾಕಾದಾಗ ತಟ್ಟೆಯಲ್ಲಿ ಸ್ವಲ್ಪ ಉಳಿಸಿ, ಎದೆಯ ಮೇಲೆ ಕೈ ಇಟ್ಟು 'ರಹ್ಮತ್' ಅನ್ನಿ. ಊಟ ಮುಗಿದ ಮೇಲೆ ಎಲ್ಲರೂ ಅಂಗೈ ಬಿಡಿಸಿ, ಅಜ್ಜಿ ಹರಸಿದ ಮೇಲೆ ಮುಖದ ಮೇಲೆ ಕೈ ಸವರಿಕೊಂಡರು. ಓಮಿನ್. ಅದಾದ ಮೇಲೆ ತಿನ್ನುವುದಿಲ್ಲ, ಏಳುವ ಹೊತ್ತು. ನಾವೂ ಹಾಗೇ ಮಾಡಿದೆವು. "ಮೆಹ್ಮೋನ್ ಒತಂಗ್‌ದೆಕ್ ಉಲುಗ್" ಅಂತ ಶಿಕ್ಷಕಿ ನನ್ನ ಡೈರಿಯಲ್ಲಿ ಬರೆದುಕೊಟ್ಟರು. ಅತಿಥಿ ನಿನ್ನ ತಂದೆಯಷ್ಟು ದೊಡ್ಡವನು.

ಬರಿಗೈಲಿ ಹೋಗಬಾರದು ಅಂತ ನಾನು ಒಂದು ಸಣ್ಣ ಬಿದ್ರಿ ಡಬ್ಬಿ ಒಯ್ದಿದ್ದೆ. ನಮ್ಮ ಕೋಟೆಯ ಮಣ್ಣು ಹಚ್ಚಿ ಕಪ್ಪು ಮಾಡುತ್ತಾರೆ, ಒಳಗಿನ ಎಳೆ ಬೆಳ್ಳಿಯದು ಅಂತ ಹೇಳಿದಾಗ ಅದನ್ನು ಒಬ್ಬರಿಂದ ಒಬ್ಬರು ಕೈಗೆ ತಗೊಂಡು ನೋಡಿದರು. ನಿಮ್ಮೂರಿನದೇ ಏನಾದರೂ ಒಯ್ಯಿರಿ, ಬೆಲೆಯದ್ದೇ ಬೇಕಿಲ್ಲ. ಅವ್ವ ನನಗೂ ಹೇಳದೆ ಚೀಲದಿಂದ ಎರಡು ಗುಳೇದಗುಡ್ಡದ ಖಣ ತೆಗೆದಳು. ಅಜ್ಜಿಗೊಂದು, ಸೊಸೆಗೊಂದು ಉಡಿಯಲ್ಲಿ ಹಾಕಿದಳು. ಉಡಿ ಒಡ್ಡಬೇಕು ಅಂತ ಅವರಿಗೆ ಯಾರೂ ಹೇಳಲಿಲ್ಲ. ಅವ್ವನ ಕೈ ಮುಂದೆ ಬಂದ ರೀತಿ ನೋಡಿ ಇಬ್ಬರೂ ತಾವಾಗಿಯೇ ಉಡಿ ಒಡ್ಡಿದರು.

ರೇಗಿಸ್ತಾನಿಗೆ ನಾವು ಮೂರು ಸಲ ಹೋದೆವು. ಮೂರು ಮದರಸಾಗಳು ಎದುರುಬದುರು ನಿಂತಿವೆ. ಹಳೆಯದು ತೈಮೂರನ ಮೊಮ್ಮಗ ಉಲುಗ್ ಬೇಗನದು, 1420ರಲ್ಲಿ ಮುಗಿದದ್ದು. ನಮ್ಮದಕ್ಕಿಂತ ಐವತ್ತು ವರ್ಷ ಮೊದಲು. ಆ ಕಾಲದ ಕಟ್ಟುವ ರೀತಿ ಇರಾನಿನ ದಾರಿಯಿಂದ ಗಾವಾನನ ಜೊತೆ ಬೀದರಿಗೆ ಬಂತು. ಮುಂದಿನ ಎತ್ತರದ ಕಮಾನು, ಮೂಲೆಯ ಮಿನಾರು, ಒಳಗೆ ಅಂಗಳ, ಸುತ್ತ ಓದುವವರ ಕೋಣೆಗಳು. ಸೋವಿಯತ್ ಕಾಲದಲ್ಲಿ ಬಹಳಷ್ಟು ದುರಸ್ತಿ ಮಾಡಿದ್ದಾರೆ, ಆದ್ದರಿಂದ ಇಡಿಯಾಗಿ ಕಾಣುತ್ತೆ. ಅವ್ವ ಎಡಗಡೆಯ ಮಿನಾರಿನ ಬುಡದಲ್ಲಿ ನಿಂತು ತಲೆ ಎತ್ತಿದಳು. "ನಮ್ಮದು ಇಲ್ಲಿತನಕ ಉಳದದ," ಅಂತ ಕೈಯಿಂದ ಅಳತೆ ತೋರಿಸಿದಳು. "ಮ್ಯಾಲಿಂದು ಈಗ ನೋಡ್ದೆ." ನೀವು ಹೋಗುವುದಾದರೆ, ಹೋಗುವ ಮೊದಲು ಒಂದು ಸಂಜೆ ನಮ್ಮ ಮದರಸಾದ ಮುಂದೆ ಸುಮ್ನೆ ಕೂತು ಹೋಗಿ. ಅಲ್ಲಿ ನೋಡುವ ಕಣ್ಣೇ ಬೇರೆ ಆಗುತ್ತೆ.

ಶಾಹಿ ಜಿಂದಾ ಸಮಾಧಿಗಳ ಸಾಲಿಗೆ ಹೋಗುವವರಿಗೆ ಒಂದು ಮಾತು. ಅಲ್ಲಿ ಮೆಟ್ಟಿಲು ಜಾಸ್ತಿ, ವಯಸ್ಸಾದವರಿಗೆ ನಿಧಾನ ಬೇಕು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ಹೆಣ್ಣುಮಕ್ಕಳು ತಲೆಗೆ ಒಂದು ವಸ್ತ್ರ ಇಟ್ಟುಕೊಳ್ಳಿ. ಬಹಳ ಪ್ರವಾಸಿಗಳು ಅಲ್ಲಿನ ನೀಲಿ ಗೋಡೆಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಪಕ್ಕದಲ್ಲೇ ಯಾರೋ ಕೂತು ಪ್ರಾರ್ಥನೆ ಮಾಡ್ತಿರುತ್ತಾರೆ. ಅದು ಜನ ಹರಕೆ ಹೊತ್ತು ಬರುವ ಜಾಗ. ಅವ್ವ ಸೆರಗು ತಲೆ ಮೇಲೆ ಎಳೆದುಕೊಂಡು ಆ ಹೆಂಗಸರ ಪಕ್ಕ ಬೆಂಚಿನ ಮೇಲೆ ಕೂತಳು. ಪ್ರಾರ್ಥನೆ ಮುಗಿಯುವ ತನಕ ಅಲುಗಲಿಲ್ಲ. ನಮ್ಮ ಬೀದರಿನ ಹತ್ತಿರದ ಅಷ್ಟೂರಿನ ಉರುಸಿಗೆ ವರ್ಷವೂ ಹೋಗುವವಳು ಅವಳು. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಗೆ ಜಂಗಮರು ಬರುವುದನ್ನು, ಹಿಂದೂ, ಮುಸಲ್ಮಾನ ಎರಡೂ ಕಡೆಯ ಜನ ಅಲ್ಲಿ ಕೂಡುವುದನ್ನು ನೋಡಿ ಬೆಳೆದವಳು. ಇನ್ನೊಬ್ಬರ ಪ್ರಾರ್ಥನೆಯ ಹತ್ತಿರ ಹೇಗೆ ಕೂರಬೇಕು ಅಂತ ನಾನು ಅವಳಿಗೆ ಹೇಳಿಕೊಡಬೇಕಾಗಲಿಲ್ಲ. ನಾನೇ ಅವಳನ್ನು ನೋಡಿ ಫೋನ್ ಚೀಲದಲ್ಲಿ ಇಟ್ಟೆ.

ಸಮರ್ಕಂದ ಬಿಡುವ ದಿನ ಶಿಕ್ಷಕಿ, ಅಜ್ಜಿ ಇಬ್ಬರೂ ಗೆಸ್ಟ್ ಹೌಸಿಗೆ ಬಂದರು. ಅಜ್ಜಿಯ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ನೋನ್. ಅವ್ವನ ಬಾಯಿ ಹತ್ತಿರ ಹಿಡಿದು ಕಚ್ಚು ಅಂತ ಸನ್ನೆ ಮಾಡಿದರು. ಅವ್ವ ಅಂಚಿನಲ್ಲಿ ಒಂದು ತುತ್ತು ಕಚ್ಚಿದಳು. ಅಜ್ಜಿ ಉಳಿದದ್ದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡರು, ಕೊಡಲಿಲ್ಲ. ಮಗ ಸೈನ್ಯಕ್ಕೆ ಹೋಗುವಾಗ, ಮನೆಯವರು ದೂರ ಹೊರಟಾಗ ಅಲ್ಲಿ ಹೀಗೆ ಮಾಡುತ್ತಾರಂತೆ. ಕಚ್ಚಿದ ನೋನನ್ನು ಮನೆಯಲ್ಲಿ ತೂಗುಹಾಕಿ ಇಡುತ್ತಾರೆ. ಹೋದವರು ಬಂದು ಉಳಿದದ್ದನ್ನು ತಿನ್ನಬೇಕು.

ಈಗ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅವ್ವ ಕೆಲವು ಸಲ ಕೈ ನಿಲ್ಲಿಸುತ್ತಾಳೆ. ಮೊನ್ನೆ ಹೀಗೇ ನಿಲ್ಲಿಸಿ, "ಪಾಸ್‌ಪೋರ್ಟ್ ಇನ್ನಾ ಎಷ್ಟು ವರ್ಷ ಅದ?" ಅಂತ ಕೇಳಿದಳು. ಒಂಬತ್ತು ವರ್ಷ ಅಂದೆ. "ಅಲ್ಲಿತನಕ ಯಾಕ?" ಅಂದಳು, ಮತ್ತೆ ಹಿಟ್ಟಿಗೆ ಕೈ ಹಾಕಿದಳು. "ಮೊಣಕಾಲು ನಡಿಯೋತನಕ ನೋಡು."